ತಗಡಿನ ಮೇಲಿನ ಸಮುದ್ರ

ಬಂದವರು ಮೊದಲು ಗೋಡೆ ನೋಡುತ್ತಾರೆ. ಕುರ್ಚಿ ಎಳೆದು ಕೂತ್ಕೊಳ್ಳಿ ಅಂದರೂ ಕೂರುವ ಮುಂಚೆ ಅವರ ಕಣ್ಣು ನಾಲ್ಕೂ ಗೋಡೆ ಸುತ್ತಿ ಬರುತ್ತದೆ, ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರ ಹಾಗೆ. ದೇವರ ಪಟ ಇದೆಯೋ ಇಲ್ಲವೋ, ಇದ್ದರೆ ಯಾವ ದೇವರು, ಸತ್ತ ಹಿರಿಯರ ಫೋಟೋದ ಹಣೆಗೆ ಇಟ್ಟದ್ದು ವಿಭೂತಿಯೋ ನಾಮವೋ, ಎಲ್ಲಾದರೂ ಮೂಲೆಯಲ್ಲಿ ನೀಲಿ ಕೋಟಿನ ಪಟ ಕಾಣುತ್ತದೋ. ಆಮೇಲೆ ಕೂರುತ್ತಾರೆ, ಅಥವಾ ಅರ್ಜೆಂಟ್ ಕೆಲಸ ನೆನಪಾಗಿ ಹೊರಡುತ್ತಾರೆ. ಇದನ್ನು ನಿಂಗರಾಜು ಯಾರಿಂದಲೂ ಕೇಳಿ ತಿಳಿದದ್ದಲ್ಲ. ನಂಜನಗೂಡಿನಲ್ಲಿ ಬಾಡಿಗೆ ಮನೆ ಹುಡುಕಲು ಶುರು ಮಾಡಿದ ದಿನದಿಂದ ಬಂದವರ ಕಣ್ಣಿನ ಹಿಂದೆ ತನ್ನ ಕಣ್ಣನ್ನೂ ಓಡಿಸಿ ಓಡಿಸಿ ಕಲಿತದ್ದು. ಈಗಿನ ಮನೆಯಲ್ಲಿ ಆ ಕಣ್ಣುಗಳು ಹೋಗಿ ನಿಲ್ಲುವುದು ಮೂರು ಚಿತ್ರಗಳ ಮೇಲೆ. ತಗಡಿನ ಮೇಲೆ ಅಚ್ಚಾದ, ಯಾವುದೋ ಕಾಲದ ಯಾವುದೋ ದೇಶದವರ ಹಡಗುಗಳ ಯುದ್ಧ. ಅಲ್ಲಿಂದ ಮುಂದೆ ಹೋಗಲು ಆ ಕಣ್ಣುಗಳಿಗೆ ದಾರಿಯಿಲ್ಲ. ಹಡಗಿಗೆ ಯಾವ ಜಾತಿ? ಸಮುದ್ರಕ್ಕೆ ಯಾವ ಬೀದಿ? ಬಂದವರು ತಬ್ಬಿಬ್ಬಾಗುವುದನ್ನು ನೋಡುವಾಗ ಅವನಿಗೆ ಹೊಟ್ಟೆಯೊಳಗೆ ಒಂದು ಕೆಟ್ಟ ಖುಷಿ ಆಗುತ್ತಿತ್ತು. ಆ ಖುಷಿಯ ಬೆನ್ನಿಗೇ, ಬಾಯಲ್ಲಿ ಕಬ್ಬಿಣದ ತುಕ್ಕು ನೆಕ್ಕಿದಂಥ ಒಂದು ರುಚಿ.

ರಾತ್ರಿ ಪಾಳಿ ಮುಗಿಸಿಕೊಂಡು ಬೆಳಿಗ್ಗೆ ಕಾರ್ಖಾನೆಯಿಂದ ಬರುತ್ತಿದ್ದವನು ಬೀದಿಯ ತಿರುವಿನಲ್ಲಿ ಗಕ್ಕನೆ ಗಾಡಿ ನಿಲ್ಲಿಸಿದ. ಲೈಟ್ ಕಂಬಕ್ಕೆ ಕಟ್ಟಿದ್ದ ಹೊಸ ಫ್ಲೆಕ್ಸಿನಿಂದ ಅವನ ಮುಖವೇ ಅವನನ್ನು ನೋಡುತ್ತಿತ್ತು. ಫೋನಿನಲ್ಲಿ ಹಾಕಿಕೊಂಡಿದ್ದ ಫೋಟೋ. ತಲೆಯ ಹಿಂದೆ ಬೂದು ಬಣ್ಣದ ದೊಡ್ಡ ಯುದ್ಧನೌಕೆ, ಮೇಲೆ ತ್ರಿವರ್ಣ, ಕೆಳಗೆ ದಪ್ಪಕ್ಷರ: ಗಣರಾಜ್ಯೋತ್ಸವದ ಶುಭಾಶಯಗಳು, ನಮ್ಮ ಬಡಾವಣೆಯ ಹೆಮ್ಮೆ, ನೌಕಾಪಡೆಯ ನಿವೃತ್ತ ಯೋಧ ಶ್ರೀ ನಿಂಗರಾಜು ಅವರಿಗೆ ಶಾಲು ಹೊದಿಸಿ ಸನ್ಮಾನ. ಮುಖವನ್ನು ಬಿಳಿ ಮಾಡಿದ್ದರು. ತುಟಿಗೆ ಬಣ್ಣ ಬಳಿದ ಹಾಗೆ ಕಾಣುತ್ತಿತ್ತು. ಹಾಲಿನವನು ಕ್ಯಾನು ಇಳಿಸಿ ಸೆಲ್ಯೂಟ್ ಹೊಡೆದ, "ನಾಳೆ ಬತ್ತೀನಿ ಸಾ, ಸಾಲು ಒದ್ಸುವಾಗ." ನಿಂಗರಾಜು ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಹೆಲ್ಮೆಟ್ಟಿನ ಮೇಲಿಟ್ಟುಕೊಂಡ. ಮನೆಗೆ ಬಂದು ಮುಖ ತೊಳೆದರೂ ಆ ಬಿಳಿ ಮುಖ ತನ್ನ ಮುಖದ ಮೇಲೆ ಅಂಟಿಕೊಂಡೇ ಇದೆ ಅನ್ನಿಸಿತು.

ನಾನು ಹೇಳಿದ್ನಾ? ನಾನೆಲ್ಲಿ ಹೇಳಿದೆ? ಎರಡು ವರ್ಷದ ಹಿಂದೆ ಮನೆ ಮಾಲೀಕಳು ರುದ್ರಾಣಮ್ಮ ಮಹಡಿಯಿಂದ ಇಳಿದು ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತು ಗೋಡೆಗಳನ್ನೆಲ್ಲ ನೋಡಿದ್ದಳು. ಮೊಳೆ ಹೊಡೆದಿದ್ದಾರೋ ಎಂದು ನೋಡುವ ನೆಪ. ಮೊಳೆ ಹೊಡೆಯಕೂಡದು ಅನ್ನುವುದು ಅವಳ ಮೊದಲ ಷರತ್ತು. ಚಿಕ್ಕಯ್ಯನಛತ್ರದ ಜಮೀನಿನಲ್ಲಿ ಒಂದು ಭಾಗ ಮಾರಿ ಕಟ್ಟಿಸಿದ ಮನೆ, ಗಂಡ ಹೋದ ಮೇಲೆ ಅದೊಂದೇ ಆಧಾರ. ಹಡಗುಗಳಿಗೆ ಮೊಳೆ ಬೇಕಿರಲಿಲ್ಲ. ಗೋಡೆಗೆ ಬಿಲ್ಲೆಯಷ್ಟಗಲದ ಅಯಸ್ಕಾಂತ ಅಂಟಿಸಿ ತಗಡನ್ನು ಹತ್ತಿರ ಹಿಡಿದರೆ ಟಪ್ಪಂತ ತಾನೇ ಹೋಗಿ ಕಚ್ಚಿಕೊಳ್ಳುತ್ತದೆ. ರುದ್ರಾಣಮ್ಮ ಅದನ್ನು ಎಳೆದು ನೋಡಿ, ಬಿಟ್ಟು ನೋಡಿ, ಮಗುವಿನ ಹಾಗೆ ನಕ್ಕು, "ಏನ್ರೀ ಇದು ಹಡಗು! ನೇವೀಲಿದ್ರಾ?" ಅಂದಿದ್ದಳು. ಅವನೂ ನಕ್ಕ. ಅಷ್ಟೇ ಮಾಡಿದ್ದು. ಆ ನಗುವನ್ನು ಅವಳು ಮಿಲ್ಟ್ರಿಯವರ ಸಂಕೋಚ ಅಂದುಕೊಂಡಳು. ವಾರದೊಳಗೆ ಬೀದಿಯೆಲ್ಲ ಅವನನ್ನು ಸಾಹೇಬ್ರು ಅನ್ನತೊಡಗಿತು. ಅವನ ಗಿಡ್ಡ ಕ್ರಾಪು, ನೆಟ್ಟಗಿನ ಬೆನ್ನು, ನಲ್ಲಿಯಲ್ಲಿ ನೀರು ಬಿಡುವವನ ಮೇಲೆ ಒಮ್ಮೆ ಕಿರುಚಾಡಿದ ಬಾಯಿ, ಎಲ್ಲವೂ ಅದಕ್ಕೆ ಸಾಕ್ಷಿ ಹೇಳಿದವು. ಯಾವೂರು ಅಂತ ಕೇಳಿದವರಿಗೆ ಸೋಸಲೆ ಅಂದ. ಸೋಸಲೇಲಿ ಯಾವ ಬೀದಿ, ಮಠದ ಹತ್ರಾನಾ, ಅಂದವರಿಗೆ ಹೊಳೆ ಕಡೆ ಅಂದ. ಸುಳ್ಳಲ್ಲ. ಊರಾಚೆಯ ಕಾಲೋನಿಯಿಂದ ಹೊಳೆಗೂ ದಾರಿಯಿದೆ.

ಆದರೆ ತಗಡುಗಳನ್ನು ತರಿಸಿದ್ದು ಇದಕ್ಕಲ್ಲ ಎಂದು ಯಾರಿಗೆ ಹೇಳುವುದು? ಇದು ನೆನಪಾದಾಗಲೆಲ್ಲ ಅವನಿಗೆ ರೇಗುತ್ತಿತ್ತು. ಅವನು ಬಾಯ್ಲರ್ ನೋಡಿಕೊಳ್ಳುವವನು. ಕಬ್ಬಿಣದ ಬಾಗಿಲಿನ ಗಾಜಿನ ಕಿಂಡಿಗೆ ಕಣ್ಣಿಟ್ಟು ಒಳಗಿನ ಉರಿ ನೋಡುವುದೇ ಅವನ ಉದ್ಯೋಗ. ಬಿಳಿ ಉರಿ, ಹಳದಿ ಉರಿ, ಗಾಳಿ ಸಾಲದೆ ಮಂಕಾಗಿ ಹೊಗೆಯಾಡುವ ಕೆಂಪು ಉರಿ. ಒಂದು ಪಾಳಿಯಲ್ಲಿ ಕಿಂಡಿಯ ಪಕ್ಕ ಕೂತು ಫೋನು ಉಜ್ಜುತ್ತಿದ್ದಾಗ ಯಾವುದೋ ಜಾಹೀರಾತಿನಲ್ಲಿ ಆ ಚಿತ್ರ ಬಂತು. ಹೊತ್ತಿ ಉರಿಯುವ ಹಡಗು, ಕಪ್ಪು ನೀರು. ಹೊಗೆಯ ಹೊಟ್ಟೆ ಕೆಂಪು, ಬೆನ್ನು ಕಪ್ಪು. ಬೆಂಕಿಯನ್ನು ನೋಡದೆ ಬೆಂಕಿ ಬರೆಯುವವರೇ ಹೆಚ್ಚು, ಕಿತ್ತಲೆ ಬಣ್ಣ ಬಳಿದು ಇದೇ ಬೆಂಕಿ ಅನ್ನುತ್ತಾರೆ. ಇವನು ಯಾವನೋ ನೋಡಿ ಬರೆದಿದ್ದ. ಮುಖ ಸುಡುವಷ್ಟು ಹತ್ತಿರ ನಿಂತು ನೋಡಿದ್ದ. ನಿಂಗರಾಜು ತಲೆಯೆತ್ತಿ ಕಿಂಡಿ ನೋಡಿದ, ಮತ್ತೆ ಫೋನು ನೋಡಿದ. ಎದೆ ಹೊಡೆದುಕೊಂಡಿತು. ಚಿತ್ರ ನೋಡಿ ಎದೆ ಹೊಡೆದುಕೊಳ್ಳುತ್ತದೆ ಅನ್ನುವುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಯಾವ ಮೇಷ್ಟರೂ ಹೇಳಿರಲಿಲ್ಲ. ಮೊದಲನೆಯದು ಬಂದಾಗ ಹೆಂಡತಿ ಕೋಮಲ ಪೊಟ್ಟಣ ಬಿಚ್ಚಿ, ಬಗ್ಗಿಸಲು ನೋಡಿ, "ದುಡ್ಡು ಕೊಟ್ಟು ತಗಡು ತರಿಸ್ಕೊಂಡ ಗಂಡಸು ಇಡೀ ಜಿಲ್ಲೇಲಿ ನೀವೊಬ್ರೇ ಕಣ್ರೀ" ಅಂದಳು. ಅವನು ಅದನ್ನು ಗೋಡೆಗೆ ಹಿಡಿದ. ಟಪ್ಪಂತ ಕಚ್ಚಿಕೊಂಡಿತು. ಟ್ಯೂಬ್‌ಲೈಟು ಹಾಕಿದಾಗ ಕಾಗದದ ಚಿತ್ರದ ಹಾಗೆ ಸುಮ್ಮನೆ ಇರಲಿಲ್ಲ ಅದು; ಅತ್ತ ಎರಡು ಹೆಜ್ಜೆ ಹೋದರೆ ಉರಿ ಅತ್ತ ಹರಿಯಿತು, ಇತ್ತ ಬಂದರೆ ಇತ್ತ. ಆ ರಾತ್ರಿ ಅವನು ಅದರ ಮುಂದೆ ಅತ್ತಿತ್ತ ನಡೆದಾಡಿದ. ಆಮೇಲೆ ಕೆಲವು ದಿನ ಅದು ಬರೀ ಚಿತ್ರವಾಗಿತ್ತು. ರುದ್ರಾಣಮ್ಮ ಬಂದು ನಕ್ಕು ಹೋದ ಮೇಲೆ ಅವನು ಚಿತ್ರ ನೋಡುವುದನ್ನೇ ಬಿಟ್ಟ. ಚಿತ್ರವನ್ನು ನೋಡುವವರನ್ನು ನೋಡತೊಡಗಿದ.

ಹೊರಗೆ ಗೇಟಿನ ಸದ್ದು. ಅವ್ವ ಬಂದಿದ್ದಳು. ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ನಂಜನಗೂಡಿನ ಸ್ಟ್ಯಾಂಡಿನಿಂದ ಆಟೋ ಬೇಡ ಅಂತ ನಡೆದೇ ಬಂದಿದ್ದಳು ಮಂಚಮ್ಮ, ಕಂಕುಳಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಚಪ್ಪಟೆ ಗಂಟು. ಈ ಮನೆಗೆ ಅವಳು ಬರುತ್ತಿರುವುದು ಮೊದಲ ಸಲ. ಬಾ ಅಂತ ಅವನು ಕರೆದಿರಲಿಲ್ಲ ಅನ್ನುವುದೂ ನಿಜ. ಏನಾದರೂ ನೆಪ ಹೇಳಿ ತಾನೇ ಸೋಸಲೆಗೆ ಹೋಗಿ ಬರುತ್ತಿದ್ದ. ಒಳಗೆ ಬಂದವಳು ಗಂಟು ಕೆಳಗಿಡದೆ ಗೋಡೆ ನೋಡಿದಳು. ಇವಳೂ. ಹೆತ್ತವಳೂ ಮೊದಲು ಗೋಡೆಯನ್ನೇ ನೋಡಿದಳು.

"ಇದೇನ್ಲಾ ನಿಂಗ, ಗ್ವಾಡೆಗೆಲ್ಲ ಬೆಂಕಿ ಅಚ್ಚಿದ್ದೀಯೆ?"

"ಹಡಗು ಕಣವ್ವ. ಸಮುದ್ರದಲ್ಲಿ ಯುದ್ಧ."

"ಯಾರ್ಗೂ ಯಾರ್ಗೂ?"

"ಗೊತ್ತಿಲ್ಲ."

"ಗೆದ್ದೋರು ಯಾರು?"

"ಅದೂ ಗೊತ್ತಿಲ್ಲ."

"ಮತ್ಯಾಕ್ಲಾ ತಗಲಾಕ್ಕೊಂಡಿದ್ದೀಯೆ?" ಅಂದವಳು ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ಬಡಿದಳು. ಸದ್ದು ಕೇಳಿ ಅವಳ ಮುಖ ಅಗಲವಾಯಿತು. "ತಗಡು! ಕೋಮ್ಲಾ, ತಗಡು ಕಣವ್ವ ಇದು! ಕೋಳಿಗೂಡಿನ್ ಮ್ಯಾಲ್ಕೆ ಒಂದ್ ತಗಡು ಆಕ್ಸ್‌ಕೊಡ್ಲಾ ಅಂದ್ರೆ ಈ ದೀಪಾವಳಿ ಆ ದೀಪಾವಳಿ ಅಂತನೆ, ಇಲ್ಲಿ ಗ್ವಾಡೆಗೆ ತಗಡು ಒಡ್ಸವ್ನೆ. ಗ್ವಾಡೆ ಏನ್ ಸೋರ್ತದಾ?"

ಕೋಮಲ ಅಡಿಗೆಮನೆಯಿಂದ ನಗುತ್ತ ಬಂದಳು. "ನೀವೇ ಕೇಳಿ ಅತ್ತೆ. ನಾನು ಕೇಳಿದ್ರೆ ಬಾಯ್ಲರ್ ತಂದು ಮನೇಲಿ ಇಟ್ಟಂಗೆ ಉರೀತಾರೆ."

ಮಂಚಮ್ಮ ಕೆಳಗೆ ಕೂತು ಗಂಟು ಬಿಚ್ಚಿದಳು. ಸೀರೆಯ ಮಡಿಕೆಗಳ ಒಳಗಿಂದ ನೀಲಿ ಕೋಟು ಹೊರಬಂತು. ಗಾಜಿನ ಒಂದು ಮೂಲೆಯಲ್ಲಿ ಬಿರುಕು, ಚೌಕಟ್ಟಿಗೆ ಹೊಗೆ ಹಿಡಿದ ಬಣ್ಣ. ಸೋಸಲೆ ಮನೆಯ ಬಾಗಿಲಿನ ಎದುರಿಗೇ ಇದ್ದ ಪಟ. ನರಸೀಪುರದಲ್ಲಿ ಅದನ್ನು ಕೊಂಡ ದಿನ ಅಂಗಡಿಯವನು ಪೇಪರು ಸುತ್ತಿ ಕೊಡುತ್ತೇನೆ ಅಂದಿದ್ದಕ್ಕೆ ಅಪ್ಪ ಬೇಡ ಅಂದಿದ್ದ. ಬಸ್ಸಿನಲ್ಲಿ ತೊಡೆಯ ಮೇಲೆ ನಿಲ್ಲಿಸಿಕೊಂಡು ಬಂದ. ಇಳಿದ ಮೇಲೆ ಎದೆಗೆ ಒತ್ತಿಕೊಂಡು, ಮುಖ ಹೊರಗೆ ಮಾಡಿ, ಕಾಲೋನಿಗೆ ಹತ್ತಿರದ ದಾರಿ ಬಿಟ್ಟು ಊರಿನ ನಡುಬೀದಿಯಲ್ಲಿ ನಡೆದ. ಹಿಂದೆ ನಡೆಯುತ್ತಿದ್ದ ನಿಂಗರಾಜು ಜಗಲಿಗಳ ಮೇಲಿನ ಮಾತು ನಿಲ್ಲುವುದನ್ನು ಕೇಳಿಸಿಕೊಳ್ಳುತ್ತ, ಅಪ್ಪ, ಒಳಗೆ ತಿರುಗಿಸಿಕೋ, ಒಳಗೆ ತಿರುಗಿಸಿಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದ. ಅಪ್ಪನ ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು. ಹೆದರಿಕೆಯ ಬೆವರೋ ಬಿಸಿಲಿನದೋ. ಅದನ್ನು ಕೇಳುವ ವಯಸ್ಸು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ.

"ಬಾಬಾಸಾಯೇಬ್ರಿಲ್ಲ ಅಂತಲ್ಲ ನಿನ್ನ ಮನೇಲಿ," ಅಂದಳು ಮಂಚಮ್ಮ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಕೋಮ್ಲ ಏಳುದ್ಲು. ಅದ್ಕೇ ತಂದೆ. ನಮ್ಮನೇಗೆ ನಿನ್ ತಮ್ಮ ಒಸಾದು ತಂದವ್ನೆ, ಬುದ್ಧನ್ ಜೊತೇಗೆ."

"ಮೊಳೆ ಹೊಡೆಯಂಗಿಲ್ಲ ಅವ್ವ ಈ ಮನೇಲಿ."

"ಮೊಳೆ ಇಲ್ವಾ, ಗುಂಡ್ಗೆ ಇಲ್ವಾ?"

ಅವನು ಎದ್ದು ಒಳಗಿನ ಕೋಣೆಗೆ ಹೋಗಿ ಮಲಗಿದ. ನಿದ್ದೆಗೆಟ್ಟು ಬಂದಿದ್ದೀನಿ, ಆಮೇಲೆ ಮಾತಾಡೋಣ ಅಂದ. ನಿದ್ದೆ ಎಲ್ಲಿಂದ ಬರಬೇಕು. ಕಣ್ಣು ಮುಚ್ಚಿದರೆ ಕಂಬಕ್ಕೆ ಕಟ್ಟಿದ ಬಿಳಿ ಮುಖ. ನಾಳೆ ಶಾಲು ಹೊದಿಸುವಾಗ ಏನಾದರೂ ಎರಡು ಮಾತಾಡಿ ಸಾರ್ ಎಂದು ಮೈಕು ಕೊಟ್ಟರೆ? ಯಾವ ಹಡಗು, ಯಾವ ಬಂದರು ಅಂತ ಯಾರಾದರೂ ಹುಡುಗರು ಕೇಳಿದರೆ? ಬಡಾವಣೆಯ ಸಂಘದ ಕಾರ್ಯದರ್ಶಿ ರಂಗಸ್ವಾಮಿ ಹೋದ ವಾರ ಬಂದು ಕೇಳಿದಾಗಲೇ ಬೇಡ ಅನ್ನಬಹುದಿತ್ತು. ಬೇಡ ಅಂದಿದ್ದ. ಆದರೆ ಅಲ್ಲ ಅಂದಿರಲಿಲ್ಲ. ಬೇಡ ಅಂದದ್ದಕ್ಕೇ ರಂಗಸ್ವಾಮಿಯ ಗೌರವ ಇನ್ನೂ ಹೆಚ್ಚಾಗಿ, "ನಿಜವಾದ ಯೋಧರು ಹಿಂಗೇ ಸಾಹೇಬ್ರೆ" ಅಂದು ಎರಡೂ ಕೈ ಹಿಡಿದುಕೊಂಡಿದ್ದ. ಆ ಕೈಗಳ ಬಿಸಿ ಅವನಿಗೆ ಹಿತವಾಗಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ. ಯಾರೋ ಒಬ್ಬರ ಕೈ ಹಿಡಿಯಲು ಇಷ್ಟೊಂದು ಹಸಿವೇ ನಿನಗೆ ಎಂದು ತನ್ನನ್ನೇ ಬೈದುಕೊಂಡು ಗೋಡೆಯ ಕಡೆ ಮಗ್ಗುಲಾದ.

ಕಿಟಕಿಯ ಆಚೆ ಪೈಪಿನಿಂದ ನೀರು ಬೀಳುವ ಸದ್ದು. ರುದ್ರಾಣಮ್ಮ ಗಿಡಗಳಿಗೆ ನೀರು ಬಿಡಲು ಇಳಿದಿದ್ದಳು. ಅವ್ವ ಎಲೆ ಅಡಿಕೆ ಹಾಕಿಕೊಂಡು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿರಬೇಕು.

"ಸಾಹೇಬ್ರ ತಾಯೀನಾ? ಸರಿಯಾದ ಹೊತ್ತಿಗೆ ಬಂದ್ರಿ ನೋಡಿ. ನಾಳೆ ಸನ್ಮಾನ. ಅಷ್ಟು ವರ್ಷ ಮಗನ್ನ ಸಮುದ್ರಕ್ಕೆ ಕಳಿಸಿ ಹೆಂಗಿದ್ರೋ ಏನೋ."

"ಯಾವ ಸಮುದ್ರ ಕಣವ್ವ? ಅವ್ನು ಕಾವೇರೀಲೇ ಸ್ವಂಟದ್ ಮಟ್ಟುಕ್ಕಿಂತ ಇಳ್ದೋನಲ್ಲ. ನೀರ್ ಕಂಡ್ರೆ ಅಳ್ತಿದ್ದ."

"ನೇವೀಲಿದ್ರಲ್ಲಾ..."

"ಅದೇನೋ ನಾ ಕಾಣೆ. ಪ್ಯಾಟ್ರೀಲಿ ಬಾಯ್ಲರ್ ಕಾಯ್ತನೆ. ಮದುವ್ಯಾಗಕ್ಕೂ ಮುಂಚ್ಲಿಂದ ಅದೇ ಕೆಲ್ಸ."

ನೀರು ಒಂದೇ ಕಡೆ ಬೀಳುತ್ತಿತ್ತು. ಪೈಪು ಹಿಡಿದ ಕೈ ಅಲ್ಲಾಡುತ್ತಿಲ್ಲ ಎಂದು ನಿಂಗರಾಜುವಿಗೆ ಮಲಗಿದ್ದಲ್ಲೇ ತಿಳಿಯಿತು. ಮುಂದಿನ ಪ್ರಶ್ನೆ ಯಾವುದೆಂದೂ ತಿಳಿಯಿತು. ಎದ್ದು ಓಡಿಹೋಗಿ ಅವ್ವನ ಬಾಯಿ ಮುಚ್ಚಬೇಕು ಅನ್ನಿಸಿತು, ನಡುಬೀದಿಯಲ್ಲಿ ಅಪ್ಪನ ಕೈಯ ಪಟವನ್ನು ಒಳಗೆ ತಿರುಗಿಸಬೇಕು ಅನ್ನಿಸಿತ್ತಲ್ಲ ಹಾಗೆ.

"ಸೋಸಲೇಲಿ ಯಾವ ಬೀದಿ ನಿಮ್ದು?"

"ಬೀದಿ ಗೀದಿ ಅಲ್ಲ ಕಣವ್ವ, ಕಾಲೋನಿ. ಎ.ಕೆ. ಕಾಲೋನಿ. ಬಸ್ಸಿಳ್ದು ಮಂಚಮ್ಮನ ಮನೆ ಅಂದ್ರೆ ಸಾಕು, ಯಾರ್ ಬೇಕಾರೂ ತೋರುಸ್ತರೆ. ಬಾ ಒಂದ್ಸಲ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಎರಡು ವರ್ಷ ಅವನು ಕಲ್ಲಿನ ಹಾಗೆ ಬಾಯಲ್ಲಿಟ್ಟುಕೊಂಡು ಉಗಿಯಲೂ ಆಗದೆ ನುಂಗಲೂ ಆಗದೆ ತಿರುಗಿದ್ದನ್ನು, ಅವಳು ಎಲೆ ಅಡಿಕೆಯ ರಸದ ಜೊತೆ ಅಂಗಳಕ್ಕೆ ಉಗಿದು ಮನೆಗೆ ಬಾ ಅಂತ ಕರೆಯನ್ನೂ ಕೊಟ್ಟಳು. ಪೈಪು ಕೆಳಗೆ ಬಿದ್ದ ಸದ್ದಾಯಿತು. "ಹೌದಾ" ಅಂದ ರುದ್ರಾಣಮ್ಮನ ದನಿ ಸಣ್ಣದಾಗಿತ್ತು. ಚಪ್ಪಲಿ ಮೆಟ್ಟಿಲು ಹತ್ತಿತು, ಎಂದಿಗಿಂತ ಬೇಗ. ನೀರು ನಿಲ್ಲಿಸಲು ಮರೆತು ಹೋಗಿದ್ದಳು. ಅವ್ವ ಎದ್ದು, "ಇದೇನವ್ವ ನೀರ್ ಬುಟ್ಟು ಓಯ್ತಾವ್ಳೆ" ಅಂತ ನಲ್ಲಿ ತಿರುಗಿಸಿದಳು. ನಿಂಗರಾಜು ಕಾಯುತ್ತಿದ್ದ ಆ ಹೆದರಿಕೆ ಬರಲೇ ಇಲ್ಲ. ಅದು ಬರಬೇಕಾದ ಜಾಗದಲ್ಲಿ, ಗಾಳಿ ತೆರೆದಾಗ ಕಿಂಡಿಯಲ್ಲಿ ಕಾಣುವ ಬಿಳಿ ಉರಿಯ ಹಾಗೆ, ಸದ್ದಿಲ್ಲದ ಒಂದು ಸಿಟ್ಟು ಎದ್ದಿತು. ಗಾಡಿಯ ಡಿಕ್ಕಿಯಿಂದ ಸುತ್ತಿಗೆ ತಂದ. ಗೂಡಿನಲ್ಲಿ ಹಳೆಯ ಮೊಳೆ ಹುಡುಕಿದ. ಕೋಮಲ ಬಾಗಿಲಿಗೆ ಅಡ್ಡ ನಿಂತು, "ರೀ, ಬೇಡಾ ರೀ, ಗೋಡೆಗೆ ಏನಾದ್ರೂ ಆದ್ರೆ ಅಡ್ವಾನ್ಸಲ್ಲಿ ಹಿಡ್ಕೋತಾರೆ" ಅಂದಳು. ಹಿಡ್ಕೊಳ್ಳಲಿ ಅಂದ. ಮೊದಲನೆಯ ಮೊಳೆ ಬಗ್ಗಿತು. ಎರಡನೆಯದು ಗಾರೆ ಉದುರಿಸಿಕೊಂಡು ಒಳಗೆ ಹೋಯಿತು. ಮನೆಯಿಡೀ ಅದುರಿತು, ಮಹಡಿಯೂ.

"ಅಲ್ಲಲ್ಲ, ಇಲ್ಲಾಕ್ಲಾ," ಅಂದಳು ಮಂಚಮ್ಮ, ನಡುವಿನ ದೊಡ್ಡ ಹಡಗನ್ನು ತೋರಿಸಿ. "ನೆಟ್ನಡೂಗೆ. ಈ ಬಿಳೀ ಜನುದ್ ಜಗ್ಳ ಎಲ್ಲ ಕಿತ್ತಾಕು. ಬಾಬಾಸಾಯೇಬ್ರು ಇರೋ ಕಡೆ ಇವ್ರುದ್ಯಾಕೆ?"

"ಅದಿರುತ್ತೆ ಅವ್ವ. ಪಟ ಈ ಗೋಡೆಗೆ, ಹಡಗು ಆ ಗೋಡೆಗೆ."

"ಯಾಕಂತೆ?"

"ಅವರೂ ಹಡಗು ಹತ್ತೇ ದೂರದೇಶಕ್ಕೆ ಹೋಗಿ ಓದಿ ಬಂದೋರು. ಹಡಗು ಕಂಡ್ರೆ ಅವರಿಗೇನೂ ಬೇಜಾರಿಲ್ಲ."

ಮಂಚಮ್ಮ ತಲೆಯಾಡಿಸಿದಳು, ಅದು ಒಪ್ಪುವ ಮಾತಾಗಿತ್ತು. ಆದರೆ ಹೇಳಿ ಮುಗಿಸುವಷ್ಟರಲ್ಲೇ ನಿಂಗರಾಜುವಿಗೆ ತನ್ನ ಬಾಯಿಯ ಮೇಲೆ ಹೇಸಿಗೆಯಾಯಿತು. ಮತ್ತೊಂದು ನೆಪ. ಮಾಲೀಕಳ ಮುಂದೆ ನೇವಿ, ಅವ್ವನ ಮುಂದೆ ಬಾಬಾಸಾಹೇಬರು. ಯಾರಾದರೂ ಒಬ್ಬ ದೊಡ್ಡವರ ಜಾಮೀನು ಇಲ್ಲದೆ ಒಂದು ತಗಡಿನ ಚಿತ್ರವನ್ನೂ ಗೋಡೆಗೆ ಹಾಕಿಕೊಳ್ಳಲು ಇವನಿಗೆ ಆಗುವುದಿಲ್ಲವೇ? ಆ ಮೇಲಿನ ಬೀದಿಗಳ ಮನೆಗಳಲ್ಲಿ ಜಿಂಕೆಯ ಕೊಂಬು, ಓಡುವ ಕುದುರೆ, ಹಿಮದ ಬೆಟ್ಟ ಏನೇನೋ ನೇತಾಡುತ್ತವೆ. ಕುದುರೆ ಯಾಕೆ ಅಂತ ಅವರನ್ನು ಯಾರು ಕೇಳುತ್ತಾರೆ?

"ಅದಕ್ಕಲ್ಲ ಅವ್ವ," ಅಂದ. "ಸುಮ್ಮನೆ ಹೇಳಿದೆ. ನಂಗೆ ಇಷ್ಟ. ಆ ಬೆಂಕಿ ನೋಡೋಕೆ ಇಷ್ಟ. ಅಷ್ಟೇ."

"ಇಷ್ಟವಾ?" ಅವಳು ಮಗನನ್ನು ಜ್ವರ ಬಂದವನನ್ನು ನೋಡುವ ಹಾಗೆ ನೋಡಿದಳು. "ಸರಿ ಬುಡು."

ಮೊಳೆಯ ಸದ್ದು ಕರೆದ ಹಾಗೆ ಸ್ವಲ್ಪ ಹೊತ್ತಿಗೆ ಅವರು ಬಂದರು. ಮುಂದೆ ರುದ್ರಾಣಮ್ಮ, ಹಿಂದೆ ರಂಗಸ್ವಾಮಿ. ಅವಳು ಫೋನು ಮಾಡಿ ಕರೆಸಿಕೊಂಡಿರಬೇಕು. ಇಬ್ಬರೂ ಹೊಸ್ತಿಲ ಒಳಗೆ ಕಾಲಿಟ್ಟು ಗೋಡೆ ನೋಡಿದರು. ಮೊದಲು ಹಡಗು, ಆಮೇಲೆ ಎದುರು ಗೋಡೆಯ ನೀಲಿ ಕೋಟು, ಅದರ ಕೆಳಗೆ ನೆಲದ ಮೇಲೆ ಉದುರಿದ ಗಾರೆ. ರಂಗಸ್ವಾಮಿ ಪಟಕ್ಕೆ ಕೈ ಮುಗಿದ. ತುಂಬ ಬೇಗ ಮುಗಿದ. ಕೋಮಲ ಎಂದಿನಂತೆ ಅಡಿಗೆಮನೆಯ ಕಡೆ ತಿರುಗಿದಳು, ಪಾತ್ರೆಯ ಸದ್ದಾಯಿತು.

"ಕಾಫಿ ಬೇಡ ಕೋಮಲ," ಅಂದ ನಿಂಗರಾಜು, ಎಲ್ಲರಿಗೂ ಕೇಳುವ ಹಾಗೆ. ಅವಳು ಗಾಬರಿಯಿಂದ ಹೊರಗೆ ಬಂದಳು. ಬಂದವರಿಗೆ ಕಾಫಿ ಬೇಡ ಅನ್ನುವ ಮನೆ ಎಲ್ಲಾದರೂ ಉಂಟೇ. ಆದರೆ ಆ ಲೋಟಗಳು ಟೀಪಾಯಿಯ ಮೇಲೆ ಕೂತು ಆರುವುದನ್ನು, ಈಗ ತಾನೇ ಕುಡಿದು ಬಂದ್ವಿ ಅನ್ನುವುದನ್ನು, ಇಲ್ಲವೇ ತಾವೆಷ್ಟು ದೊಡ್ಡ ಮನಸ್ಸಿನವರೆಂದು ತೋರಿಸಲು ಕಣ್ಣು ಮುಚ್ಚಿ ಒಂದೇ ಸಲ ಗಂಟಲಿಗೆ ಸುರಿದುಕೊಳ್ಳುವುದನ್ನು, ಯಾವುದನ್ನೂ ಅವನು ಇನ್ನು ಕಾದು ನೋಡಲಾರ. ಆ ಪರೀಕ್ಷೆಯೇ ಬೇಡ. ಅವರಿಗೆ ಪಾಸಾಗುವ ಅವಕಾಶವನ್ನೂ ಅವನು ಕೊಡುವುದಿಲ್ಲ.

ರಂಗಸ್ವಾಮಿ ಕುರ್ಚಿಯ ತುದಿಯಲ್ಲಿ ಕೂತ. ಬೆಳಿಗ್ಗೆಯವರೆಗೂ ಸಾಹೇಬ್ರೆ ಅನ್ನುತ್ತಿದ್ದವನ ನಾಲಗೆ ಈಗ ಬೇರೆ ಪದ ಹುಡುಕುತ್ತಿತ್ತು. "ನೋಡಿ ನಿಂಗರಾಜು. ಇದು ಸಣ್ಣ ವಿಷಯ ಅಲ್ಲ. ಮಿಲ್ಟ್ರಿ ಅಂತ ಹೇಳ್ಕೊಳ್ಳೋದು ಕೇಸಾಗುತ್ತೆ. ಫ್ಲೆಕ್ಸ್ ಹಾಕ್ಸಿದೀವಿ, ನಮ್ ಮರ್ಯಾದೆ ಏನಾಗ್ಬೇಕು?"

"ನಾನು ಮಿಲ್ಟ್ರಿ ಅಂತ ನಿಮ್ಮತ್ರ ಹೇಳಿದ್ನಾ ರಂಗಸ್ವಾಮಿ?"

"ಹೇಳ್ಲಿಲ್ಲ, ಆದ್ರೆ..."

"ಹೇಳ್ಲಿಲ್ಲ. ಅಲ್ಲ ಅಂತಾನೂ ಹೇಳ್ಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಫ್ಲೆಕ್ಸ್ ಬಿಚ್ಚಿಸಿ. ಅದು ನನ್ನ ಮುಖಾನೂ ಅಲ್ಲ, ಸುಣ್ಣ ಬಳಿದವ್ರೆ."

ಮಂಚಮ್ಮ ಫಕ್ಕನೆ ನಕ್ಕಳು. ರುದ್ರಾಣಮ್ಮ ನಗಲಿಲ್ಲ. ಅವಳು ಇನ್ನೂ ನಿಂತೇ ಇದ್ದಳು, ಅವಳ ಕಣ್ಣು ಕೆಂಪಾಗಿತ್ತು. ಅವಳಿಗೆ ನಿಜವಾಗಿಯೂ ನೋವಾಗಿದೆ ಎಂದು ಕಂಡು ನಿಂಗರಾಜು ಒಂದು ಗಳಿಗೆ ತಡವರಿಸಿದ. ಆಯುಧಪೂಜೆಗೆ ಇವನ ಗಾಡಿಗೆ ಹೂವು ಹಾಕಿಸಿದವಳು, ಕೋಮಲಳ ಜ್ವರಕ್ಕೆ ಕಷಾಯ ಕಾಯಿಸಿ ಕೊಟ್ಟವಳು.

"ಜಾತಿ ಬಗ್ಗೆ ನಂಗೇನಿಲ್ಲ," ಅಂದಳು. "ಯಾರಾದ್ರೇನು. ಆದ್ರೆ ಸುಳ್ಳು. ಎರಡು ವರ್ಷ ಒಂದೇ ಕಾಂಪೌಂಡಲ್ಲಿದ್ದು ಸುಳ್ಳು ಹೇಳಿದ್ರಲ್ಲ ನಿಂಗರಾಜು. ಮೊದಲೇ ಹೇಳ್ಬಹುದಿತ್ತು."

"ನೀವು ಕೇಳ್ಲಿಲ್ಲ ಅಮ್ಮ. ಗೋಡೆ ನೋಡಿದ್ರಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ತನ್ನೊಳಗೆ ಏನನ್ನೋ ಗೆದ್ದವಳ ಹಾಗೆ, ಉದಾರವಾಗಿ, ಪಟದ ಕಡೆ ಕೈ ತೋರಿಸಿದಳು. "ಇರಲಿ. ಮೊಳೆ ಹೊಡ್ದಿದ್ದಕ್ಕೂ ನಾನೇನೂ ಅನ್ನಲ್ಲ. ಅವರು ದೊಡ್ಡೋರು, ಅವರ ಫೋಟೋ ಇರಲಿ. ನೀವೂ ಇರಿ, ನಾನೇನು ಓಡಿಸ್ತಿಲ್ಲ. ಆದ್ರೆ ಈ ಹಡಗುಗಳನ್ನ ತೆಗೆದ್ಬಿಡಿ. ಇವತ್ತೇ ತೆಗೀರಿ. ನನ್ ಕೈಲಿ ನೋಡಕ್ಕಾಗಲ್ಲ ಅವನ್ನ. ಇನ್ನು ಅವು ಯಾಕೆ ಬೇಕು ನಿಮಗೆ?"

ಇನ್ನು ಅವು ಯಾಕೆ ಬೇಕು. ನಿಂಗರಾಜುವಿಗೆ ಆಗ ಎಲ್ಲವೂ ಒಂದೇ ಸಲ, ಕಿಂಡಿಯ ಗಾಜು ಒರೆಸಿದ ಹಾಗೆ, ಸ್ವಚ್ಛವಾಗಿ ಕಂಡಿತು. ಪಟಕ್ಕೆ ಇವಳದೇನೂ ತಕರಾರಿಲ್ಲ. ಅಪ್ಪ ಎದೆಗೊತ್ತಿಕೊಂಡು ನಡುಬೀದಿಯಲ್ಲಿ ಬೆವರುತ್ತ ತಂದದ್ದು ಇವಳಿಗೆ ಈಗ ಬಾಗಿಲಿನ ಹೆಸರುಹಲಗೆ. ಒಳಗೆ ಯಾರಿದ್ದಾರೆಂದು ತಿಳಿದರೆ ಎಷ್ಟು ದೂರ ನಿಲ್ಲಬೇಕೆಂದೂ ತಿಳಿಯುತ್ತದೆ, ಇವಳಿಗೆ ನೆಮ್ಮದಿ. ಇವಳ ಕಣ್ಣಿಗೆ ಚುಚ್ಚುತ್ತಿರುವುದು ಹಡಗು. ಯಾರ ಗುರುತನ್ನೂ ಹೇಳದೆ, ಯಾರ ಜಾಮೀನೂ ಇಲ್ಲದೆ, ಕಾಲೋನಿಯವನೊಬ್ಬ ಬರೀ ಚೆಂದ ಅಂತ ಗೋಡೆಗೆ ಹಾಕಿಕೊಂಡ ಬೆಂಕಿ. ಅದನ್ನು ಬಚ್ಚಿಟ್ಟುಕೊಳ್ಳುವ ಪರದೆ ಅಂತ ಇವಳು ತಿಳಿದರೆ ಅರ್ಥವಾಗುತ್ತದೆ. ಇಷ್ಟ ಅಂತ ತಿಳಿಯಲು ಆಗುವುದಿಲ್ಲ. ಎರಡು ವರ್ಷ ಅವನು ಅದನ್ನು ಪರದೆ ಮಾಡಿಕೊಂಡಿದ್ದೂ ನಿಜ. ಆ ಪಾಪ ತಗಡಿನದಲ್ಲ.

"ತೆಗೆಯಲ್ಲ," ಅಂದ.

"ಅಂದ್ರೆ?"

"ಅಂದ್ರೆ ತೆಗೆಯಲ್ಲ ಅಮ್ಮ. ನಿಮ್ಮನ್ನ ಮೋಸ ಮಾಡೋಕೆ ತರಿಸಿದ್ದಲ್ಲ ಅವು. ನನಗೆ ನೋಡೋಕೆ ತರಿಸಿದ್ದು. ನಾನು ನೇವಿಯೋನಲ್ಲ, ಸಮುದ್ರ ನೋಡಿಲ್ಲ, ಆ ಯುದ್ಧ ಯಾರದು ಅಂತ ಗೊತ್ತಿಲ್ಲ. ಎ.ಕೆ. ಕಾಲೋನಿಯೋನು. ನನಗೆ ಹಡಗು ಇಷ್ಟ. ಇದರಲ್ಲಿ ಯಾವುದಕ್ಕೂ ಯಾವುದಕ್ಕೂ ಸಂಬಂಧ ಇಲ್ಲ."

"ಹಠ ಯಾಕ್ರೀ?" ಅಂದ ರಂಗಸ್ವಾಮಿ. "ಎರಡು ತಗಡಿಗೆ ಮನೆ ಕಳ್ಕೋತೀರಾ? ಸಂಸಾರಸ್ಥರು ನೀವು. ಈ ಊರಲ್ಲಿ ಇನ್ನೊಂದು ಮನೆ ಸಿಗೋದು ಅಷ್ಟು ಸುಲಭಾನಾ, ನೀವೇ ಹೇಳಿ."

"ಸುಲಭ ಅಲ್ಲ. ಅದು ನಿಮಗೂ ಗೊತ್ತಿದೆಯಲ್ಲ, ಅದನ್ನ ನಿಮ್ಮ ನಾಳೆ ಪ್ರೋಗ್ರಾಮಲ್ಲಿ ಮೈಕ್ ಹಿಡ್ದು ಹೇಳಿ. ಮೂರು ತಗಡು, ಎರಡಲ್ಲ. ನಾವು ಬಂದ ಎರಡು ವರ್ಷದಲ್ಲಿ ಒಂದ್ಸಲನಾದ್ರೂ ನೋಡಿದ್ದೀರಾ ಅವನ್ನ? ಬನ್ನಿ, ಹತ್ರ ಬನ್ನಿ. ಬೈಯಲ್ಲ, ಬನ್ನಿ. ಈ ಹೊಗೆ ನೋಡಿ. ಕೆಳಗೆ ಕೆಂಪು, ಮೇಲೆ ಕಪ್ಪು. ಉರಿ ಒಳಗಿಂದ ಬೆಳಕು ಕೊಟ್ಟಾಗ ಹಂಗೇ ಕಾಣೋದು. ಇಲ್ನೋಡಿ, ಹಡಗಿನ ಹಾಯಿಬಟ್ಟೆ ಇನ್ನೂ ಹತ್ತಿಲ್ಲ, ಹತ್ತೋ ಮುಂಚೆ ಹಳದಿಯಾಗುತ್ತೆ. ನೋಡಿ ರಂಗಸ್ವಾಮಿ, ಕಣ್ಣು ಬಾಗಿಲ ಕಡೆ ಬೇಡ."

ರಂಗಸ್ವಾಮಿ ಎದ್ದು ಬಂದು ನಿಜಕ್ಕೂ ನೋಡಿದ. ಭಯದಿಂದಲೋ ಮರ್ಯಾದೆಗೋ. ಮೂಗು ತಗಡಿಗೆ ತಾಗುವಷ್ಟು ಬಗ್ಗಿ ನೋಡಿ, ಏನೋ ಕೇಳಲು ಹೊರಟವನು ರುದ್ರಾಣಮ್ಮನ ಮುಖ ಕಂಡು ನೆಟ್ಟಗಾಗಿ ಹಿಂದೆ ಸರಿದ.

"ಯುಗಾದಿಗೆ ಮನೆ ಖಾಲಿ ಮಾಡಿ," ಅಂದಳು ರುದ್ರಾಣಮ್ಮ. ಹೊಸ್ತಿಲ ಆಚೆ ಕಾಲಿಟ್ಟು ತಿರುಗಿದಳು. "ಜಾತಿಗೆ ಅಲ್ಲ. ನಿಮ್ಮ ಈ ಪೊಗರಿಗೆ."

"ಆಗಲಿ. ಯುಗಾದಿವರೆಗೂ ಇಲ್ಲಿರ್ತವೆ. ಆಮೇಲೆ ಸಿಕ್ಕಿದ ಮನೇಲಿರ್ತವೆ."

ಅವರು ಹೋದರು. ಕೋಮಲ ಅಳುತ್ತ ಒಳಗೆ ಹೋಗಿ, ಅಳು ನಿಲ್ಲಿಸಿ ಹೊರಗೆ ಬಂದು, ಗಾರೆ ಗುಡಿಸತೊಡಗಿದಳು. "ನನ್ನನ್ನ ಒಂದು ಮಾತು ಕೇಳಿದ್ರಾ ನೀವು?" ಅಂದಳು, ಪೊರಕೆಯನ್ನು ನೆಲಕ್ಕೆ ಬಡಿಯುತ್ತ. ಇಲ್ಲ, ಕೇಳಿರಲಿಲ್ಲ. ಮತ್ತೆ ಮನೆ ಮನೆ ತಿರುಗಿ, ನಿಮ್ಮ ಪೈಕಿ ಯಾರು ಅನ್ನುವ ಬಾಯಿಗಳ ಮುಂದೆ ನಿಲ್ಲುವವಳು ಅವಳೂ. ಮಂಚಮ್ಮ ಸೊಸೆಯ ಕೈಯಿಂದ ಪೊರಕೆ ಇಸಕೊಂಡು, "ಬುಡವ್ವ. ಮನೆ ನಾನೂ ಜೊತೇಲ್ ಬಂದು ನೋಡ್ತೀನಿ. ನಾನೇ ಮಾತಾಡ್ತೀನಿ ಮೊದ್ಲು, ಆಮೇಕೆ ಯಾವನ್ಗೂ ಕೇಳಾ ಕೆಲ್ಸ ಇರಲ್ಲ" ಅಂದಳು. ಕೋಮಲಳಿಗೆ ಅಳುವಿನ ನಡುವೆಯೇ ನಗು ಬಂತು.

ನಿಂಗರಾಜು ಟ್ಯೂಬ್‌ಲೈಟು ಹಾಕಿದ, ಹಗಲಾಗಿದ್ದರೂ. ಕುರ್ಚಿಯನ್ನು ಎಳೆದು ದೊಡ್ಡ ಚಿತ್ರದ ಮುಂದಿಟ್ಟು, ಬೀದಿಯ ಬಾಗಿಲಿಗೆ ಬೆನ್ನು ಮಾಡಿ ಕೂತ. ಬಾಗಿಲು ಮುಚ್ಚಲೇ ಅಂದಳು ಕೋಮಲ. ಬೇಡ, ತೆರೆದಿರಲಿ ಅಂದ. ತಿರುವಿನಲ್ಲಿ ಫ್ಲೆಕ್ಸು ಬಿಚ್ಚುವ ಸದ್ದು, ಯಾರದೋ ನಗು, ಗೇಟಿನ ಹತ್ತಿರ ನಿಧಾನವಾಗುವ ಚಪ್ಪಲಿಗಳು. ಅಭ್ಯಾಸದಿಂದ ಅವನ ಕುತ್ತಿಗೆ ತಾನಾಗಿ ತಿರುಗಲು ನೋಡಿತು, ಯಾರ ಕಣ್ಣು, ಎಲ್ಲಿ ನಿಂತಿತು ಎಂದು. ಅವನು ಕುತ್ತಿಗೆಯನ್ನು ಹಿಡಿದು ನಿಲ್ಲಿಸಿದ. ಚಿತ್ರದ ಬಲಗಡೆ, ಹೊಗೆಯ ಹಿಂದೆ, ಬೆಂಕಿ ತಾಗದ ಒಂದು ತುಂಡು ಆಕಾಶವಿತ್ತು. ಅದಕ್ಕೆ ಎಳೆಯ ಹಸಿರು ಬಣ್ಣ. ಆಕಾಶ ಹಸಿರೇ? ಅವನು ಮುಂದಕ್ಕೆ ಬಾಗಿದ. ಹೌದು, ಹಸಿರೇ, ಯಾವನೋ ಧೈರ್ಯ ಮಾಡಿ ಬಳಿದಿದ್ದ. ಎರಡು ವರ್ಷದಲ್ಲಿ ಅದನ್ನು ಅವನು ನೋಡಿರಲಿಲ್ಲ.

ಹಿಂದೆ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಕೆಮ್ಮಲಿ.